ಆಟದ ಮೇಳದಲ್ಲಿ ವಿದ್ಯೆಯ ಮಳಿಗೆ



ನಮ್ಮ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆಯ ರೈತನು ಜಾತ್ರೆಯಲ್ಲಿ ಎತ್ತು ಕೊಳ್ಳುವ ಬಗೆಯನ್ನು ನೀವೆಲ್ಲ ಬಲ್ಲಿರಿ. ಅವನು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ಎಳೆಯುತ್ತದೆಯೋ ಎಂದು ಗಮನಿಸುತ್ತಾನೆ. ದಲ್ಲಾಳಿಯು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳಿದಾಗಲೂ ಅವಸರಪಡುವುದಿಲ್ಲ. ಕೋಡಿಗೆ ಬಳಿದ ಬಣ್ಣ, ಕೊರಳಿನ ಗೆಜ್ಜೆ, ಬೆನ್ನಿನ ಜೂಲು ಕಣ್ಣಿಗೆ ಚಂದ. ಆದರೆ ಅವನ್ನು ನೋಡಿ ಯಾರೂ ಹಣದ ಚೀಲ ಬಿಚ್ಚುವುದಿಲ್ಲ. ಏಕೆಂದರೆ ನಾಳೆ ಹೊಲದಲ್ಲಿ ನೇಗಿಲು ಎಳೆಯಬೇಕಾದದ್ದು ಗೆಜ್ಜೆಯಲ್ಲ, ಎತ್ತು.

ಇಷ್ಟು ಜಾಣರಾದ ನಾವು ಮಕ್ಕಳ ವಿದ್ಯೆಯನ್ನು ಆರಿಸುವಾಗ ಈ ಜಾಣತನವನ್ನು ಬಳಸುತ್ತೇವೆಯೇ? ಅಷ್ಟೇ ಅಲ್ಲ, ವಿದ್ಯೆಯನ್ನು ನೀಡುವವರು ಜಾತ್ರೆಯ ನಡುವೆ ಮಳಿಗೆ ಹಾಕಿ ನಿಂತಾಗ, ಅವರು ಕೊಳ್ಳುವವನಿಗೆ ಏನನ್ನು ಹೇಳಲು ಬದ್ಧರು? ಈ ಎರಡು ಪ್ರಶ್ನೆಗಳನ್ನು ನಿಮ್ಮೊಡನೆ ವಿಚಾರಮಾಡುವ ಅಪೇಕ್ಷೆ ನನ್ನದು.

ಹೊಸ ಬಗೆಯ ಜಾತ್ರೆ

ಇತ್ತೀಚಿನ ವರ್ಷಗಳಲ್ಲಿ ನಗರಗಳಲ್ಲಿ ಹೊಸ ಬಗೆಯ ಜಾತ್ರೆಯೊಂದು ಬೆಳೆದುಬಂದಿದೆ. ಅದು ವಿಡಿಯೋ ಗೇಮುಗಳ ಸಾರ್ವಜನಿಕ ಪ್ರದರ್ಶನ. ಜರ್ಮನಿಯ ಕೊಲೋನ್ ನಗರದಲ್ಲಿ 2009ರಿಂದ ನಡೆಯುತ್ತಿರುವ ಗೇಮ್ಸ್‌ಕಾಮ್ ಮೇಳಕ್ಕೆ ಈಗ ಮೂರು ಲಕ್ಷಕ್ಕೂ ಮಿಗಿಲಾದ ಜನ ಬರುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೂ ರಾಜ್ಯ ಸರ್ಕಾರ ಮತ್ತು ಉದ್ಯಮದ ಸಂಘವಾದ ಅಬಾಯ್ ಕೂಡಿ ಗ್ಯಾಫೆಕ್ಸ್ ಎಂಬ ಮೇಳವನ್ನು ನಡೆಸುತ್ತ ಬಂದಿವೆ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ಪ್ರತ್ಯೇಕ ನೀತಿಯನ್ನು ದೇಶದಲ್ಲೇ ಮೊದಲು, 2012ರಲ್ಲಿ, ರೂಪಿಸಿದ ರಾಜ್ಯ ಕರ್ನಾಟಕ. ಅದರ ಮೂರನೆಯ ಆವೃತ್ತಿಯಾದ 2024-29ರ ನೀತಿ 2024ರ ಜನವರಿಯಲ್ಲಿ ಹೊರಬಂದಿತು. ಕೇಂದ್ರ ಸರ್ಕಾರವು 2022ರ ಮುಂಗಡಪತ್ರದಲ್ಲಿ ಈ ಕ್ಷೇತ್ರಕ್ಕಾಗಿ ಕಾರ್ಯಪಡೆಯೊಂದನ್ನು ಘೋಷಿಸಿತು. 2026ರ ಮುಂಗಡಪತ್ರದಲ್ಲಿ 15,000 ಪ್ರೌಢಶಾಲೆಗಳಲ್ಲಿಯೂ 500 ಕಾಲೇಜುಗಳಲ್ಲಿಯೂ ಇದರ ಪ್ರಯೋಗಾಲಯಗಳನ್ನು ತೆರೆಯಲು ನೆರವು ನೀಡುವ ಪ್ರಸ್ತಾಪ ಬಂದಿತು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಡಿಜಿಟಲ್ ಗೇಮ್ ವಿನ್ಯಾಸದಲ್ಲಿ ಸ್ನಾತಕೋತ್ತರ ಶಿಕ್ಷಣ ನೀಡುತ್ತಿದೆ. ಅನೇಕ ಖಾಸಗಿ ವಿಶ್ವವಿದ್ಯಾಲಯಗಳೂ ಇಂತಹ ಪದವಿಗಳನ್ನು ಆರಂಭಿಸಿವೆ.

ಇಂತಹ ಮೇಳಗಳಲ್ಲಿ ಆಟ ತಯಾರಿಸುವ ಕಂಪನಿಗಳ ಮಗ್ಗುಲಲ್ಲೇ ವಿದ್ಯಾಸಂಸ್ಥೆಗಳ ಮಳಿಗೆಗಳೂ ಇರುತ್ತವೆ. ದೊಡ್ಡ ಪರದೆಯ ಮೇಲೆ ವಿದ್ಯಾರ್ಥಿಗಳು ಮಾಡಿದ ಆಟ ಓಡುತ್ತಿರುತ್ತದೆ. ಆಡಲು ಬಂದ ಹುಡುಗ ಕೈಗೆ ಕಂಟ್ರೋಲರ್ ತೆಗೆದುಕೊಂಡು ಹತ್ತು ನಿಮಿಷ ಆಡುತ್ತಾನೆ. ಆಡಿ ಮುಗಿಸುವಷ್ಟರಲ್ಲಿ ಅವನ ಕೈಗೆ ಬಣ್ಣದ ಕೈಪಿಡಿ ಬರುತ್ತದೆ. ಅವನ ಹೆಸರು, ಮೊಬೈಲ್ ಸಂಖ್ಯೆ ಒಂದು ಪಟ್ಟಿಗೆ ಸೇರುತ್ತದೆ. ಮಾರನೆಯ ದಿನದಿಂದ ದೂರವಾಣಿ ಕರೆಗಳು ಶುರುವಾಗುತ್ತವೆ.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ನಿಧಾನವಾಗಿ ನೋಡೋಣ.

ಆಟ ಹಗುರವಾದ ವಿಷಯವಲ್ಲ

ಮೊದಲಿಗೆ ಒಂದು ಪೂರ್ವಗ್ರಹವನ್ನು ಬದಿಗಿಡಬೇಕು. ‘ಆಟ ಕಟ್ಟುವುದೂ ಒಂದು ವಿದ್ಯೆಯೇ? ಅದಕ್ಕೂ ಒಂದು ವಿಶ್ವವಿದ್ಯಾಲಯವೇ?’ ಎಂದು ಹಿರಿಯರು ಮೂಗು ಮುರಿಯುವುದುಂಟು. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಈ ವಿಷಯದಲ್ಲಿ ನಮಗಿಂತ ಉದಾರಿಗಳು. ತಮ್ಮ ಮಹಾಗ್ರಂಥ ‘ಸುಮ್ಮಾ ಥಿಯಾಲಾಜಿಕಾ’ದಲ್ಲಿ ಅವರು ಆಟವನ್ನು ಸದ್ಗುಣಗಳ ವಿಚಾರದ ನಡುವೆ ಚರ್ಚಿಸುತ್ತಾರೆ. ದೇಹಕ್ಕೆ ನಿದ್ರೆ ಬೇಕಾದಂತೆ ಮನಸ್ಸಿಗೆ ವಿನೋದ ಬೇಕು. ಸದಾ ಬಾಗಿಸಿಟ್ಟ ಬಿಲ್ಲು ಮುರಿಯುತ್ತದೆ ಎಂಬ ಹಳೆಯ ದೃಷ್ಟಾಂತವನ್ನು ಅವರು ನೆನೆಯುತ್ತಾರೆ. ಜನರಿಗೆ ವಿನೋದ ಒದಗಿಸುವ ವೃತ್ತಿಯು ಮಿತಿಯನ್ನು ಮೀರದಿದ್ದರೆ ಸ್ವತಃ ಅಧರ್ಮವಲ್ಲ, ಅಂಥವರಿಗೆ ಸಂಭಾವನೆ ಕೊಡುವುದೂ ದೋಷವಲ್ಲ ಎಂಬುದು ಅವರ ನಿಲುವು.

ನಮ್ಮ ನಾಡಿಗೂ ಇದು ಹೊಸದಲ್ಲ. ಚೌಕಾಬಾರ, ಹುಲಿ-ಕುರಿ, ಪಗಡೆಗಳನ್ನು ಗುಡಿಯ ಜಗಲಿಯ ಕಲ್ಲಿನ ಮೇಲೆ ಕೊರೆದವರು ನಮ್ಮ ಪೂರ್ವಿಕರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಸ್ವತಃ ಮಣೆಯಾಟಗಳನ್ನು ರಚಿಸಿದರು. ಚದುರಂಗದ ಕುದುರೆ ಒಮ್ಮೆ ಮುಟ್ಟಿದ ಮನೆಯನ್ನು ಮತ್ತೆ ಮುಟ್ಟದೆ ಅರುವತ್ತನಾಲ್ಕು ಮನೆಗಳನ್ನೂ ಸುತ್ತುವ ಲೆಕ್ಕಗಳನ್ನು ಬಿಡಿಸಿದರು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಇಂತಹ ಸಾಂಪ್ರದಾಯಿಕ ಆಟಗಳ ಪ್ರದರ್ಶನಗಳನ್ನು ನಡೆಸಿದೆ. ಆದ್ದರಿಂದ ಆಟ ರಚಿಸುವುದು ಬುದ್ಧಿಯ ಕೆಲಸ, ಗೌರವದ ಕೆಲಸ ಎಂಬುದರಲ್ಲಿ ಸಂಶಯವಿಲ್ಲ.

ಆಟದಲ್ಲಿ ಅಪಾಯವೂ ಇದೆ ಎಂಬುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಗೇಮಿಂಗ್ ವ್ಯಸನಕ್ಕೂ ಸ್ಥಾನವಿದೆ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳಿಂದ ಮನೆಗಳು ಹಾಳಾದುದನ್ನು ಕಂಡೇ ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಅಂತಹ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಆದರೆ ಅದೇ ಶಾಸನ ಇ-ಸ್ಪೋರ್ಟ್ಸನ್ನೂ ಶೈಕ್ಷಣಿಕ ಆಟಗಳನ್ನೂ ಉತ್ತೇಜಿಸಬೇಕೆಂದು ಹೇಳುತ್ತದೆ. ಜೂಜು ಬೇರೆ, ಆಟ ಬೇರೆ ಎಂಬ ವಿವೇಕವನ್ನು ಕಾನೂನೇ ತೋರಿಸಿರುವಾಗ ನಾವು ಎರಡನ್ನೂ ಒಂದೇ ಕೋಲಿನಿಂದ ಹೊಡೆಯುವುದು ಸಲ್ಲದು.

ಆಡುವ ಸುಖ, ಕಟ್ಟುವ ಶ್ರಮ

ಹಾಗಾದರೆ ಪ್ರಶ್ನೆ ಇರುವುದು ಎಲ್ಲಿ? ಆಟದ ಮೇಳದಲ್ಲಿ ಹುಡುಗನ ಮನಸ್ಸು ಯಾವ ಸ್ಥಿತಿಯಲ್ಲಿರುತ್ತದೆ ಎಂಬುದರಲ್ಲಿ. ಅವನು ಬಂದದ್ದು ಆಡಲು. ಅವನೊಳಗೆ ಎದ್ದಿರುವುದು ಆಡುವ ಸುಖ. ಆ ಸುಖದ ನಡುವೆ ‘ಇದನ್ನೇ ಕಲಿಯಲು ಬಾ’ ಎಂದು ಕರೆದರೆ, ಕಲಿಯುವುದು ಎಂದರೆ ಇನ್ನಷ್ಟು ಆಡುವುದು ಎಂದೇ ಅವನು ತಿಳಿಯುತ್ತಾನೆ.

ಆದರೆ ಆಟ ಆಡುವುದಕ್ಕೂ ಆಟ ಕಟ್ಟುವುದಕ್ಕೂ ಇರುವ ದೂರ, ರೇಷ್ಮೆಯ ಅಂಚಿನ ಸೀರೆ ಉಡುವುದಕ್ಕೂ ಅದನ್ನು ನೇಯುವುದಕ್ಕೂ ಇರುವಷ್ಟೇ ದೂರ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮದುವೆಯಲ್ಲಿ ಸೀರೆ ಮಿಂಚುತ್ತದೆ. ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಕಡಿದ ಎಳೆಯನ್ನು ಹುಡುಕಿ ಗಂಟು ಹಾಕುತ್ತ ದಿನಗಳು ಕಳೆಯುತ್ತವೆ. ಆಟದ ತಯಾರಿಯೂ ಹಾಗೆಯೇ. ಪರದೆಯ ಮೇಲೆ ಚೆಂಡೊಂದು ಗೋಡೆಗೆ ಬಡಿದು ಸಹಜವಾಗಿ ಮರಳಬೇಕಾದರೆ ಹಿಂದೆ ಗಣಿತವಿರಬೇಕು, ಭೌತಶಾಸ್ತ್ರವಿರಬೇಕು, ಸಾವಿರಾರು ಸಾಲುಗಳ ಪ್ರೋಗ್ರಾಮಿಂಗ್ ಇರಬೇಕು. ಚಿತ್ರ ಬಿಡಿಸುವವರು, ಧ್ವನಿ ಜೋಡಿಸುವವರು, ಕಥೆ ಬರೆಯುವವರು ಬೇರೆ. ಒಂದೇ ಬಾಗಿಲನ್ನು ಇನ್ನೂರು ಸಲ ತೆರೆದು ಮುಚ್ಚಿ ದೋಷ ಹುಡುಕುವ ಪರೀಕ್ಷಕರು ಬೇರೆ. ಆಟವಾಡಿ ಸುಖಪಟ್ಟವರಲ್ಲಿ ಇಂತಹ ಕೆಲಸದಲ್ಲೂ ಸುಖ ಕಾಣುವವರು ಕೆಲವರು ಮಾತ್ರ.

ಉದ್ಯೋಗವೂ ಸದಾ ಸ್ಥಿರವಲ್ಲ. 2023 ಮತ್ತು 2024ರಲ್ಲಿ ಜಗತ್ತಿನಾದ್ಯಂತ ಈ ಉದ್ಯಮದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಮೈಕ್ರೋಸಾಫ್ಟ್ ಸಂಸ್ಥೆಯೊಂದೇ 2024ರ ಜನವರಿಯಲ್ಲಿ ತನ್ನ ಗೇಮಿಂಗ್ ವಿಭಾಗದಿಂದ 1,900 ಜನರನ್ನು ಬಿಡುಗಡೆ ಮಾಡಿತು. ಚಿತ್ರವನ್ನೂ ಪ್ರೋಗ್ರಾಮನ್ನೂ ತಾನೇ ರಚಿಸಬಲ್ಲ ಕೃತಕ ಬುದ್ಧಿಮತ್ತೆ ಈಗ ಬಂದಿದೆ. ಕೆಲಸ ಕಲಿಯುವ ಹೊಸಬರಿಗೆ ಸಿಗುತ್ತಿದ್ದ ಚಿಕ್ಕಪುಟ್ಟ ಕೆಲಸಗಳ ಮೇಲೆಯೇ ಅದರ ಕಣ್ಣು.

ಇಷ್ಟನ್ನೂ ಮಳಿಗೆಯಲ್ಲಿ ನಿಂತವರು ಹೇಳಬೇಕೇ?

ರೋಡ್ಸ್ ದ್ವೀಪದ ಧಾನ್ಯ

ಇಲ್ಲಿ ಒಂದು ಪ್ರಾಚೀನ ಚರ್ಚೆ ನಮಗೆ ಬೆಳಕು ನೀಡಬಲ್ಲದು. ಕ್ರಿಸ್ತಪೂರ್ವದ ರೋಮಿನ ಚಿಂತಕ ಸಿಸೆರೋ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಒಂದು ಸಮಸ್ಯೆಯನ್ನು ಮುಂದಿಡುತ್ತಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯಾದ ಪ್ರಾಮಾಣಿಕ ವರ್ತಕನೊಬ್ಬ ಹಡಗಿನ ತುಂಬ ಧಾನ್ಯ ತರುತ್ತಾನೆ. ತನ್ನ ಹಿಂದೆಯೇ ಇನ್ನೂ ಅನೇಕ ಹಡಗುಗಳು ಧಾನ್ಯ ಹೊತ್ತು ಬರುತ್ತಿರುವುದನ್ನು ಅವನು ದಾರಿಯಲ್ಲಿ ಕಂಡಿದ್ದಾನೆ. ಇದನ್ನು ಜನರಿಗೆ ತಿಳಿಸಿದರೆ ಬೆಲೆ ಇಳಿಯುತ್ತದೆ. ಸುಮ್ಮನಿದ್ದರೆ ಹೆಚ್ಚು ಬೆಲೆ ಸಿಗುತ್ತದೆ. ಅವನು ಸುಳ್ಳನ್ನಂತೂ ಹೇಳುತ್ತಿಲ್ಲ. ಸುಮ್ಮನಿರುವುದು ತಪ್ಪೇ?

ಅಕ್ವಿನಾಸರು ಮಾರಾಟದಲ್ಲಿ ನಡೆಯುವ ಮೋಸವನ್ನು ವಿಚಾರಿಸುವಾಗ ಇದೇ ದೃಷ್ಟಾಂತವನ್ನು ಕೈಗೆತ್ತಿಕೊಳ್ಳುತ್ತಾರೆ. ಅವರು ಎರಡು ಮಾತುಗಳನ್ನು ಬೇರ್ಪಡಿಸುತ್ತಾರೆ. ಮಾರುವ ವಸ್ತುವಿನಲ್ಲಿಯೇ ಮರೆಯಾದ ದೋಷವಿದ್ದು, ಅದರಿಂದ ಕೊಳ್ಳುವವನಿಗೆ ಹಾನಿಯೋ ಅಪಾಯವೋ ಆಗುವಂತಿದ್ದರೆ ಮಾರುವವನು ಅದನ್ನು ಹೇಳಲೇಬೇಕು, ಹೇಳದಿದ್ದರೆ ಅನ್ಯಾಯ. ಎಲ್ಲರ ಕಣ್ಣಿಗೂ ಕಾಣುವ ದೋಷವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮುಂದೆ ಬೆಲೆ ಇಳಿದೀತು ಎಂಬಂತಹ ಸುದ್ದಿಯನ್ನು ವರ್ತಕನು ಹೇಳದಿದ್ದರೆ ನ್ಯಾಯಕ್ಕೆ ಭಂಗವಿಲ್ಲ. ಹೇಳಿದರೆ ಅದು ಹೆಚ್ಚಿನ ಸದ್ಗುಣ.

ಇದನ್ನು ನಮ್ಮ ಮಳಿಗೆಗೆ ಅನ್ವಯಿಸೋಣ. ಕಲಿಸುವ ಅಧ್ಯಾಪಕರೇ ಇಲ್ಲದಿರುವುದು, ಪ್ರಯೋಗಾಲಯ ಇನ್ನೂ ಸಿದ್ಧವಾಗದಿರುವುದು, ಪದವಿಗೆ ಮಾನ್ಯತೆ ಇಲ್ಲದಿರುವುದು, ಪ್ರದರ್ಶಿಸುತ್ತಿರುವ ಆಟವು ಆ ಸಂಸ್ಥೆಯ ವಿದ್ಯಾರ್ಥಿಗಳದ್ದೇ ಅಲ್ಲದಿರುವುದು — ಇವು ವಸ್ತುವಿನೊಳಗಿನ ಮರೆಯಾದ ದೋಷಗಳು. ಇವನ್ನು ಮುಚ್ಚಿಡುವುದು ಸರಳವಾದ ಅನ್ಯಾಯ. ಇದರ ಬಗ್ಗೆ ವಾದವಿಲ್ಲ.

ಎರಡನೆಯದು ಸೂಕ್ಷ್ಮ. ಉದ್ಯಮದಲ್ಲಿ ಕೆಲಸಗಳು ಕಡಿಮೆಯಾಗುತ್ತಿವೆ, ಇದೇ ಪದವಿಯನ್ನು ಇನ್ನೆಷ್ಟೋ ಕಾಲೇಜುಗಳು ನೀಡತೊಡಗಿವೆ, ನಾಲ್ಕು ವರ್ಷಗಳ ನಂತರ ಹೊರಬರುವವರ ಸಂಖ್ಯೆ ದೊಡ್ಡದಾಗಲಿದೆ. ಇವು ಹಿಂದಿನಿಂದ ಬರುತ್ತಿರುವ ಹಡಗುಗಳು. ವರ್ತಕನಿಗೆ ಇದ್ದ ವಿನಾಯಿತಿ ವಿದ್ಯಾಸಂಸ್ಥೆಗೂ ಇದೆಯೇ?

ಇಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣ ಇಷ್ಟು. ಧಾನ್ಯ ಕೊಂಡವನಿಗೂ ಮಾರಿದವನಿಗೂ ಹಣ ಎಣಿಸಿದ ಕ್ಷಣಕ್ಕೆ ಸಂಬಂಧ ಮುಗಿಯುತ್ತದೆ. ಕೊಂಡವನು ಧಾನ್ಯವನ್ನು ತಾನೇ ಅಳೆಯಬಲ್ಲ, ಮೂಸಬಲ್ಲ. ಆದರೆ ಕಲಿಯಲು ಬಂದವನು ತಾನು ಕೊಳ್ಳುತ್ತಿರುವುದನ್ನು ಅಳೆಯಲಾರ. ಅಳೆಯಲು ಬಲ್ಲವನಾಗಿದ್ದರೆ ಕಲಿಯಲು ಬರುವ ಅಗತ್ಯವೇ ಇರಲಿಲ್ಲ. ಅವನದು ನೀರಿನಲ್ಲಿ ಮುಳುಗಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟುವ ಪರಿಸ್ಥಿತಿ. ಜೊತೆಗೆ, ಅವನ ಮತ್ತು ಸಂಸ್ಥೆಯ ಸಂಬಂಧ ಶುಲ್ಕ ಕಟ್ಟಿದಲ್ಲಿಗೆ ಮುಗಿಯದೆ ಅಲ್ಲಿಂದ ಆರಂಭವಾಗುತ್ತದೆ. ನಾಳೆ ತರಗತಿಯಲ್ಲಿ ಅಧ್ಯಾಪಕರು ‘ನಾನು ಹೇಳುವುದನ್ನು ನಂಬು’ ಎನ್ನಬೇಕಾದರೆ, ಇಂದು ಮಳಿಗೆಯಲ್ಲಿ ಹೇಳಿದ ಮಾತೂ ನಂಬತಕ್ಕದ್ದಾಗಿರಬೇಕು. ವರ್ತಕನಲ್ಲಿ ಔದಾರ್ಯವೆನಿಸುವ ಸತ್ಯಕಥನ ಗುರುವಿನಲ್ಲಿ ಕರ್ತವ್ಯವಾಗುತ್ತದೆ. ಗುರು-ಶಿಷ್ಯ ಸಂಬಂಧ ಶುರುವಾಗುವುದು ಪ್ರವೇಶದ ದಿನದಂದಲ್ಲ, ಮಳಿಗೆಯಲ್ಲಿ ಆಡಿದ ಮೊದಲ ಮಾತಿನಲ್ಲಿ.

ಈ ದಿಕ್ಕಿನಲ್ಲಿ ನಮ್ಮ ಕಾನೂನೂ ಒಂದು ಹೆಜ್ಜೆ ಇಟ್ಟಿದೆ. 2024ರ ನವೆಂಬರ್ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕೋಚಿಂಗ್ ಸಂಸ್ಥೆಗಳಿಗೆ ಮಾರ್ಗಸೂಚಿ ಹೊರಡಿಸಿ, ಕೆಲಸ ಖಚಿತ, ಪ್ರವೇಶ ಖಚಿತ ಎಂಬಂತಹ ಸುಳ್ಳು ಭರವಸೆಗಳನ್ನು ತಡೆಯಿತು. ಯಶಸ್ವಿ ವಿದ್ಯಾರ್ಥಿಗಳ ಭಾವಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಬಳಸಬಾರದೆಂದಿತು. ಕೋಚಿಂಗ್ ಕೇಂದ್ರಕ್ಕೆ ಸಲ್ಲುವ ಈ ನೀತಿ, ಪದವಿ ನೀಡುವ ವಿಶ್ವವಿದ್ಯಾಲಯಕ್ಕೆ ಮನಸ್ಸಾಕ್ಷಿಯ ಮಟ್ಟದಲ್ಲಾದರೂ ಇನ್ನೂ ಹೆಚ್ಚು ಸಲ್ಲಬೇಕಲ್ಲವೇ?

ಕರೆಯದಿರುವುದೂ ಅನ್ಯಾಯ

ಇಷ್ಟು ಹೇಳಿದ ಮೇಲೆ ಎದುರು ವಾದಕ್ಕೂ ಕಿವಿಗೊಡಬೇಕು. ‘ಹಾಗಾದರೆ ವಿಶ್ವವಿದ್ಯಾಲಯಗಳು ಮೇಳಕ್ಕೆ ಬರಲೇಬಾರದೇ? ವಿದ್ಯೆ ಮನೆಯೊಳಗೆ ಕುಳಿತು, ಹುಡುಕಿ ಬಂದವರಿಗೆ ಮಾತ್ರ ಬಾಗಿಲು ತೆರೆಯಬೇಕೇ?’

ಖಂಡಿತ ಅಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರನ ಮಗನಿಗೆ ಇಂತಹ ವೃತ್ತಿಯೊಂದಿದೆ ಎಂದು ತಿಳಿಸಲು ಮೇಳ ಬೇಕಾಗಿಲ್ಲ. ಊಟದ ವೇಳೆಯಲ್ಲಿ ಅಪ್ಪನೇ ತಿಳಿಸುತ್ತಾನೆ. ಚಿಮ್ಮಡದ ಕಬ್ಬು ಬೆಳೆಗಾರನ ಮಗಳಿಗೆ, ಬನಹಟ್ಟಿಯ ನೇಕಾರನ ಮಗನಿಗೆ ಅದನ್ನು ತಿಳಿಸುವವರು ಯಾರು? ಮನೆಯಲ್ಲಿ ಗೊತ್ತಿರುವ ದಾರಿಗಳು ನಾಲ್ಕೇ: ಶಿಕ್ಷಕ, ನರ್ಸ್, ಪೊಲೀಸ್, ಇಂಜಿನಿಯರ್. ಕೆಲಸವೊಂದು ಇದೆ ಎಂಬುದೇ ತಿಳಿಯದವನಿಗೆ ಅದನ್ನು ಆರಿಸುವ ಸ್ವಾತಂತ್ರ್ಯವೂ ಇಲ್ಲ. ಆದ್ದರಿಂದ ವಿದ್ಯೆಯನ್ನು ಬೀದಿಗೆ ತಂದು ಪರಿಚಯಿಸುವುದು ವ್ಯಾಪಾರವಷ್ಟೇ ಅಲ್ಲ, ನ್ಯಾಯದ ಕಾರ್ಯವೂ ಹೌದು.

ಪ್ರದರ್ಶನದಿಂದ ಸತ್ಫಲ ದೊರೆತ ನಿದರ್ಶನಗಳೂ ಇವೆ. ಅಮೆರಿಕದ ರೆಡ್ಮಂಡ್ ನಗರದ ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳ ತಂಡವೊಂದು ಓದಿನ ಭಾಗವಾಗಿ 2005ರಲ್ಲಿ ‘ನಾರ್ಬಾಕ್ಯುಲರ್ ಡ್ರಾಪ್’ ಎಂಬ ಚಿಕ್ಕ ಆಟವನ್ನು ಮಾಡಿತು. ಕಾಲೇಜಿನ ಉದ್ಯೋಗ ಮೇಳದಲ್ಲಿ ಅದನ್ನು ಕಂಡ ವಾಲ್ವ್ ಕಂಪನಿಯವರು ತಂಡವನ್ನೇ ಕೆಲಸಕ್ಕೆ ಕರೆದರು. ಅದೇ ಕಲ್ಪನೆಯನ್ನು ಬೆಳೆಸಿ 2007ರಲ್ಲಿ ಹೊರತಂದ ‘ಪೋರ್ಟಲ್’ ಜಗತ್ಪ್ರಸಿದ್ಧವಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಮಳಿಗೆಯಲ್ಲಿ ಮಾತನಾಡಿದ್ದು ಕೈಪಿಡಿಯಲ್ಲ, ವಿದ್ಯಾರ್ಥಿಗಳ ಕೈಕೆಲಸ. ತಾವು ಮಾಡಿದ್ದನ್ನು ತಾವೇ ತೋರಿಸಿದರು. ನೋಡಿದವರು ಪರೀಕ್ಷಿಸಿ ಒಪ್ಪಿದರು. ಮೇಳದಲ್ಲಿ ಸಲ್ಲಬೇಕಾದ ಮಾತು ಇದೇ. ಆದರೆ ಇದೇ ಕಥೆಯನ್ನು ‘ನೀವೂ ಸೇರಿದರೆ ಹೀಗೇ ಆಗುವಿರಿ’ ಎಂದು ತಿರುಗಿಸಿ ಹೇಳಿದರೆ, ನಿಜವೇ ಸುಳ್ಳಿನ ಕೆಲಸ ಮಾಡುತ್ತದೆ. ಒಂದು ತಂಡಕ್ಕೆ ದೊರೆತದ್ದನ್ನು ಎಲ್ಲರಿಗೂ ದೊರೆಯುವ ಕೂಲಿಯಂತೆ ತೋರಿಸುವುದು ಸಲ್ಲದು.

ಮತ್ತೊಂದು ಕಹಿ ಸತ್ಯವೂ ಇದೆ. ಇಂತಹ ಮೇಳಗಳು ನಡೆಯುವುದು ಬೆಂಗಳೂರು, ಹೈದರಾಬಾದ್, ಮುಂಬಯಿಗಳಲ್ಲಿ. ಚಿಮ್ಮಡದಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಪರಿಚಯ ಯಾರಿಗೆ ಅತ್ಯಂತ ಅಗತ್ಯವೋ ಅವರ ಊರಿಗೆ ಮಳಿಗೆ ಬರುವುದಿಲ್ಲ. ಬರುವುದು ಮೊಬೈಲಿನ ಜಾಹೀರಾತು ಮಾತ್ರ. ಮಳಿಗೆಯಲ್ಲಿ ನಿಂತವನನ್ನು ಮರುಪ್ರಶ್ನೆ ಕೇಳಬಹುದು, ಜಾಹೀರಾತನ್ನು ಕೇಳಲಾಗುವುದಿಲ್ಲ. ನಿಜವಾಗಿಯೂ ವಿದ್ಯೆಯನ್ನು ಹರಡಬಯಸುವ ಸಂಸ್ಥೆ ಜಮಖಂಡಿಯ ಪದವಿಪೂರ್ವ ಕಾಲೇಜಿಗೂ ಬಂದು ಒಂದು ದಿನ ಕಳೆಯಲಿ. ಲಾಭ ಕಡಿಮೆ ಇರುವಲ್ಲಿಗೂ ಬರುವವನ ಮಾತನ್ನು ನಂಬಲು ಕಾರಣವಿರುತ್ತದೆ.

ಆಡುವವನು ಮಗ, ಸಹಿ ಮಾಡುವವನು ತಂದೆ

ಪೋಷಕರೇ, ಈಗ ನಿಮ್ಮೊಡನೆ ಒಂದು ಮಾತು. ಮೇಳದಲ್ಲಿ ಆಡಿದವನು ನಿಮ್ಮ ಮಗ; ಆದರೆ ಬ್ಯಾಂಕಿನ ಶೈಕ್ಷಣಿಕ ಸಾಲದ ಪತ್ರದಲ್ಲಿ ಸಹ-ಸಾಲಗಾರರಾಗಿ ಸಹಿ ಮಾಡುವವರು ನೀವು. ಮಳಿಗೆಯನ್ನು ಕಾಣದವರ ಹೆಗಲಿಗೆ ಮಳಿಗೆಯ ಭಾರ ಬೀಳುತ್ತದೆ. ಆದ್ದರಿಂದ ಕೇಳುವ ಹಕ್ಕು ನಿಮಗಿದೆ. ಇಂಗ್ಲಿಷ್ ಬಾರದೆಂದು ಸಂಕೋಚಪಡಬೇಡಿ. ಈ ಪದವಿ ನೀಡುವ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆಯೇ? ಸೇರಿದವರಲ್ಲಿ ಎಷ್ಟು ಜನ ಓದು ಮುಗಿಸಿದರು? ಮುಗಿಸಿದವರು ಈಗ ಯಾವ ಕೆಲಸದಲ್ಲಿದ್ದಾರೆ — ಗೋಡೆಯ ಮೇಲಿನ ಒಬ್ಬಿಬ್ಬರಲ್ಲ, ಉಳಿದವರು? ಕಲಿಸುವವರಲ್ಲಿ ಸ್ವತಃ ಆಟ ತಯಾರಿಸಿದವರು ಎಷ್ಟು ಮಂದಿ? ಈ ಕೆಲಸದಲ್ಲಿ ಅತ್ಯಂತ ಕಷ್ಟವಾದದ್ದು ಯಾವುದು? ಈ ಕೊನೆಯ ಪ್ರಶ್ನೆಗೆ ನಗುತ್ತ ‘ಏನೂ ಕಷ್ಟವಿಲ್ಲ’ ಎನ್ನುವವರನ್ನು ದೂರವಿಡಿ. ‘ಇಂದೇ ಹಣ ಕಟ್ಟಿದರೆ ರಿಯಾಯಿತಿ’ ಎನ್ನುವವರಿಗೆ ‘ಮನೆಗೆ ಹೋಗಿ ಯೋಚಿಸುತ್ತೇವೆ’ ಎನ್ನಿ. ಯೋಚಿಸಲು ಸಮಯ ಕೊಡದ ಸಂಸ್ಥೆ ಯೋಚಿಸಲು ಕಲಿಸುತ್ತದೆಂದು ನಂಬುವುದು ಹೇಗೆ?

ಹಾಗೆಂದು ಮಗುವಿನ ಆಸೆಯನ್ನು ಬೈದು ಚಿವುಟಬೇಡಿ. ಪರೀಕ್ಷಿಸಲು ಉಚಿತವಾದ ದಾರಿಯೇ ಇದೆ. ಗೊಡೋ ಎಂಬ ಆಟ ತಯಾರಿಸುವ ತಂತ್ರಾಂಶವೂ, ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ ಎಂಬುದೂ ಯಾರಿಗಾದರೂ ಹಣವಿಲ್ಲದೆ ಸಿಗುತ್ತವೆ. ಸಾಧಾರಣ ಕಂಪ್ಯೂಟರ್ ಒಂದಿದ್ದರೆ ಆರಂಭಕ್ಕೆ ಸಾಕು. ಮನೆಯಲ್ಲಿ ಇಲ್ಲದಿದ್ದರೆ ಶಾಲೆಯ ಪ್ರಯೋಗಾಲಯವನ್ನು ಕೇಳಿ ನೋಡಬಹುದು. ‘ಮೂರು ತಿಂಗಳಲ್ಲಿ ಹುಲಿ-ಕುರಿ ಆಟವನ್ನು ಪರದೆಯ ಮೇಲೆ ತಂದು ತೋರಿಸು’ ಎಂದು ಮಗುವಿಗೆ ಹೇಳಿ. ಮೊದಲ ವಾರದ ಉತ್ಸಾಹವನ್ನು ಲೆಕ್ಕಕ್ಕಿಡಬೇಡಿ. ಹತ್ತನೆಯ ವಾರ, ಕುರಿ ಗೋಡೆಯೊಳಗೆ ನುಗ್ಗಿ ಮಾಯವಾಗುವ ದೋಷವನ್ನು ಹುಡುಕುತ್ತ ಅದು ಊಟದ ಹೊತ್ತನ್ನು ಮರೆತಿದ್ದರೆ, ಆ ಮಗುವಿನಲ್ಲಿ ಕಟ್ಟುವ ಆಸೆ ನಿಜವಾಗಿಯೂ ಇದೆ ಎಂದು ತಿಳಿಯಿರಿ. ಆಗ ಸಾಲ ಮಾಡಿಯಾದರೂ ಓದಿಸುವುದಕ್ಕೆ ಅರ್ಥವಿದೆ. ನಾಲ್ಕನೆಯ ವಾರದಲ್ಲೇ ಬಿಟ್ಟಿದ್ದರೆ ಬೈಯಬೇಡಿ. ಲಕ್ಷಗಟ್ಟಲೆ ಹಣವೂ ನಾಲ್ಕು ವರ್ಷವೂ ಉಳಿದವು.

ಕೊನೆಯದಾಗಿ, ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಯುವಜನರಿಗೆ. ಇಂತಹ ಮಳಿಗೆಗಳಲ್ಲಿ ಸಂಸ್ಥೆಯ ಅಂಗಿ ತೊಡಿಸಿ ನಿಲ್ಲಿಸುವುದು ಬಹುಪಾಲು ನಿಮ್ಮನ್ನೇ. ನಿಮಗಿಂತ ಎರಡು-ಮೂರು ವರ್ಷ ಚಿಕ್ಕವನೊಬ್ಬ ಬಂದು, ಅಧ್ಯಾಪಕರು ಆಚೆ ಹೋದಾಗ, ತಗ್ಗಿದ ದನಿಯಲ್ಲಿ ‘ಅಣ್ಣಾ, ನಿಜ ಹೇಳು, ಕಾಲೇಜು ಹೆಂಗೈತಿ?’ ಎಂದು ಕೇಳುತ್ತಾನೆ. ಸಂಸ್ಥೆಯ ಋಣ ನಿಮ್ಮ ಮೇಲಿದೆ, ನಿಜ. ಆದರೆ ‘ಅಣ್ಣಾ’ ಎಂದು ಕರೆದವನ ಋಣ ಅದಕ್ಕಿಂತ ದೊಡ್ಡದು. ಅವನು ಕೇಳಿದ್ದು ಮಳಿಗೆಯನ್ನಲ್ಲ, ನಿಮ್ಮನ್ನು. ಒಳ್ಳೆಯದನ್ನು ಹಿಗ್ಗಿ ಹೇಳಿ. ಕೊರತೆಯನ್ನೂ ಇದ್ದಷ್ಟೇ ಹೇಳಿ. ಅಷ್ಟು ಕೇಳಿಯೂ ಅವನು ಸೇರಿದರೆ, ಕಷ್ಟದ ದಿನ ಬಂದಾಗ ಓದು ಬಿಟ್ಟು ಓಡುವುದಿಲ್ಲ. ಅಂತಹ ವಿದ್ಯಾರ್ಥಿಯಿಂದಲೇ ಸಂಸ್ಥೆಯ ಹೆಸರೂ ಉಳಿಯುತ್ತದೆ.